ಅಮ್ಮ ಅಲ್ಲ, ದೊಡ್ಡಮ್ಮ

ನಾನು ಕುಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಒಂದು ಕೋಣೆ ತುಂಬ ಜನ ಈ ಕಾರಣಕ್ಕೇ ನಗುತ್ತಾರೆ, ಆಗ ನೀವೂ ನಗಬಹುದು. ನನಗೇನೂ ಬೇಜಾರಿಲ್ಲ. ಕೋಪ ಬರುತ್ತದೆ, ಅದು ಬೇರೆ ವಿಷಯ. ಕೋಪ ನನ್ನ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿದೆ ಎಂದು ನಮ್ಮ ಗುಬ್ಬಿ ಹೇಳುತ್ತಿರುತ್ತಾಳೆ.

ಗುಬ್ಬಿ ನನ್ನ ತಂಗಿಯ ಮಗಳು. ತಂಗಿಯೂ ಅವಳ ಗಂಡನೂ ಈ ದೇಶಕ್ಕೆ ಬಂದು, ಮಗು ಹುಟ್ಟಿ, ಅದಕ್ಕೆ ಇನ್ನೂ ಮಾತು ಸರಿಯಾಗಿ ತಿರುಗುವ ಮೊದಲೇ ತಂಗಿ ಹೋಗಿಬಿಟ್ಟಳು. ಅವಳ ಗಂಡ ಹಡಗಿನ ಕೆಲಸದವನು, ನೆಲದ ಮೇಲಿದ್ದದ್ದಕ್ಕಿಂತ ನೀರಿನ ಮೇಲಿದ್ದದ್ದೇ ಹೆಚ್ಚು. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಅಂತ ಗಾದೆಯೇ ಇದೆ. ಪಾಪ, ಇವನು ಕೆಟ್ಟವನೇನಲ್ಲ, ಆದರೆ ಹಡಗಿನಲ್ಲಿ ಕೂತು ಮಗುವಿಗೆ ಜಡೆ ಹಾಕಲು ಆಗುತ್ತದೆಯೆ? ಮೂರು ತಿಂಗಳ ಮಟ್ಟಿಗೆ ಎಂದು ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಂದವಳು ನಾನು. ಆ ಸೂಟ್‌ಕೇಸಿನ ಜಿಪ್ಪನ್ನು ಎರಡು ಸಲ ಬದಲಾಯಿಸಿದ್ದಾಯಿತು, ನಾನಿನ್ನೂ ಇಲ್ಲೇ ಇದ್ದೇನೆ. ಗುಬ್ಬಿ ಈಗ ನನಗಿಂತ ಒಂದು ತಲೆ ಎತ್ತರ. ಹೆಸರು ಮಾತ್ರ ಗುಬ್ಬಿ.

ಪೇಟೆ ಬೀದಿಯಲ್ಲಿ, ಬೀಗದ ಅಂಗಡಿಗೂ ಕನ್ನಡಕದ ಅಂಗಡಿಗೂ ಮಧ್ಯೆ ಸಿಕ್ಕಿಕೊಂಡ ಹಾಗೆ ಒಂದು ಆಲ್ಟರೇಷನ್ ಅಂಗಡಿ ಇದೆ. ಅದೇ ನನ್ನದು. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಜಿಪ್ಪು, ಗುಂಡಿ, ಹರಿದ ಜೇಬು. ಜನ ತೆಳ್ಳಗಾಗುತ್ತಾರೆ, ದಪ್ಪಗಾಗುತ್ತಾರೆ, ನನ್ನ ಹೊಟ್ಟೆ ತುಂಬುತ್ತದೆ. ಇಲ್ಲಿನ ಮಾತು ಕೇಳಿದರೆ ನನಗೆ ಬಹುಮಟ್ಟಿಗೆ ಅರ್ಥವಾಗುತ್ತದೆ, ಆಡಲು ಮಾತ್ರ ಅಂಗಡಿಗೆ ಬೇಕಾದಷ್ಟೇ ಬರುತ್ತದೆ. ಸೊಂಟ, ತೋಳು, ನಾಳೆ ಬನ್ನಿ, ಚಿಲ್ಲರೆ ಕೊಡಿ. ಗುಬ್ಬಿಗೆ ಹಾಗಲ್ಲ, ಅವಳು ಆ ಮಾತಿನಲ್ಲಿ ಜಗಳವನ್ನೂ ಆಡಬಲ್ಲಳು. ಊರಿನ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ತಿಂಗಳಿಗೊಮ್ಮೆ ಜನ ಸೇರಿ ಒಂದು ಪುಸ್ತಕ ಓದಿಕೊಂಡು ಬಂದು ಅದರ ಬಗ್ಗೆ ಮಾತಾಡುತ್ತಾರೆ. ಈ ಸಲ ಅದನ್ನು ನಡೆಸುವ ಹೊಣೆ ಮೊದಲ ಬಾರಿಗೆ ಗುಬ್ಬಿಯದಾಗಿತ್ತು. ಪುಸ್ತಕ ಬೇರೆ ನಮ್ಮಂಥವರದೇ. ಊರು ಬಿಟ್ಟು ದೂರದ ದೇಶಕ್ಕೆ ಬಂದ ಒಂದು ಮನೆಯವರ ಕತೆ.

"ನೀನೂ ಬಾ ದೊಡ್ಡಮ್ಮ," ಅಂದಳು.

"ನಾನ್ಯಾಕೆ? ನಿನ್ನ ಮಾನ ಕಳೆಯೋಕಾ?"

"ಬಾ ಅಂದ್ರೆ ಬಾ."

ನಾನು ಒಳಗೊಳಗೇ ಉಬ್ಬಿದೆ. ಆ ಉಬ್ಬು ಎರಡು ದಿನವೂ ಉಳಿಯಲಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ಅವಳು ಹಜಾರದಲ್ಲಿ ಲೈಬ್ರರಿಯವರ ಜೊತೆ ಫೋನಿನಲ್ಲಿದ್ದಳು. ಇಲ್ಲಿನ ಮಾತಿನಲ್ಲೇ ಹೇಳಿದರೂ ಅಷ್ಟು ನನಗೆ ಅರ್ಥವಾಗುತ್ತದೆ. "ನನ್ನ ಜೊತೆ ಇರೋರು ಒಬ್ಬರಿದ್ದಾರೆ, ಅವರನ್ನ ಕರ್ಕೊಂಡು ಬರ್ತೀನಿ," ಅಂದಳು.

ಜೊತೆ ಇರೋರು ಒಬ್ಬರು! ಬಾಡಿಗೆಗೆ ಇರುವವರೂ ಜೊತೆಗೇ ಇರುತ್ತಾರೆ. ಬೆಕ್ಕೂ ಜೊತೆಗೇ ಇರುತ್ತದೆ. ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು, ಪರೀಕ್ಷೆಗೆ ಎಬ್ಬಿಸಿದವಳು, ಮೊಡವೆ ಬಂದಾಗ, ಯಾವನೋ ಒಬ್ಬ ಕೈಕೊಟ್ಟಾಗ ಬೈದು ಸಮಾಧಾನ ಮಾಡಿದವಳು, ಕೊನೆಗೆ 'ಒಬ್ಬರು' ಆದೆನಲ್ಲ ಎನಿಸಿತು. ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನಂಥ ಕೋಪಿಷ್ಠರಿಗೆ ಒಂದು ಕಾಯಿಲೆ ಇರುತ್ತದೆ. ಸಣ್ಣ ವಿಷಯಕ್ಕೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತೇವೆ, ದೊಡ್ಡ ವಿಷಯ ಬಂದಾಗ ಬಾಯಿಗೆ ಹೊಲಿಗೆ ಹಾಕಿಕೊಳ್ಳುತ್ತೇವೆ. ಇಷ್ಟು ವರ್ಷ ಸಾಕಿದ ಮೇಲೆ ನಾನು ಅವಳಿಗೆ ಏನಾಗಬೇಕು? ನನಗೆ ಅದೊಂದು ತಿಳಿಯಬೇಕಿತ್ತು. ನಾಲ್ಕು ಜನರೆದುರು ಅವಳು ನನ್ನನ್ನು ಏನೆಂದು ಕರೆಯುತ್ತಾಳೋ ನೋಡೋಣ ಎಂದೇ ಲೈಬ್ರರಿಗೆ ಹೊರಟೆ. ಪುಸ್ತಕ ಒಂದು ನೆಪ.

ನೆಪವಾದರೂ ಪುಸ್ತಕವನ್ನು ಬಿಡಲಿಲ್ಲ. ಸಂಜೆ ನಾನು ಪ್ಯಾಂಟುಗಳ ಅಂಚು ಹೊಲಿಯುತ್ತಾ ಕೂರುವುದು, ಅವಳು ಎದುರಿಗೆ ಕೂತು ಓದಿ ಓದಿ ನಮ್ಮ ಮಾತಿನಲ್ಲಿ ಹೇಳುವುದು. ಆ ಕತೆಯಲ್ಲಿ ಒಬ್ಬ ಅಜ್ಜಿ. ಹೊಸ ಭಾಷೆಯನ್ನು ಕಲಿಯುವುದೇ ಇಲ್ಲ ಎಂದು ಹಟ. ಒಬ್ಬ ಸೊಸೆ, ಬಂದ ಒಂದೇ ವರ್ಷದಲ್ಲಿ ಎಲ್ಲ ಕಲಿತು, ಕನವರಿಸುವುದೂ ಹೊಸ ಭಾಷೆಯಲ್ಲೇ. ಮಧ್ಯೆ ಸಿಕ್ಕಿ ಒದ್ದಾಡುವ ಒಬ್ಬಳು ಹುಡುಗಿ. ಒಂದು ಕಡೆ ಯಾವಳೋ ಬಂದು ಹುಡುಗಿಯ ಹೊಸ ಬಟ್ಟೆ ನೋಡಿ ಮೂತಿ ತಿರುಗಿಸುತ್ತಾಳೆ.

"ಯಾರೇ ಅವಳು?" ಅಂದೆ.

ಗುಬ್ಬಿ ಇಲ್ಲಿನವರ ಒಂದು ಪದ ಹೇಳಿದಳು.

"ಅದು ಗೊತ್ತು. ಅತ್ತೆನೋ, ಚಿಕ್ಕಮ್ಮನೋ, ದೊಡ್ಡಮ್ಮನೋ?"

"ಅದು ಬರೆದಿಲ್ಲ ದೊಡ್ಡಮ್ಮ. ಇಲ್ಲಿ ಎಲ್ಲಾರಿಗೂ ಒಂದೇ ಪದ."

"ಅದು ಗೊತ್ತಾಗದೆ ನಾನು ಅವಳನ್ನ ಹೇಗೆ ಬೈಯಲಿ? ಸೋದರತ್ತೆ ಆದ್ರೆ ಅವಳಿಗೆ ಹಕ್ಕಿದೆ, ಅನ್ನಲಿ. ಮಾವನ ಹೆಂಡ್ತಿ ಆದ್ರೆ ತೆಪ್ಪಗೆ ಕೂತಿರಬೇಕು."

"ಪಕ್ಕದ ಮನೆಯವರೂ ಆಗಿರಬಹುದು."

"ಅಂದ್ರೆ ಫ್ರೀ ಸೈಜು ಅನ್ನು. ಯಾರಿಗೆ ಬೇಕಾದ್ರೂ ಹಾಕಬಹುದು, ಯಾರಿಗೂ ಸರಿಯಾಗಿ ಕೂರಲ್ಲ."

ಗುಬ್ಬಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟುಕೊಂಡು ನನ್ನನ್ನೇ ನೋಡಿದಳು. ಏನೋ ಕೇಳಬೇಕೆಂದು ಬಾಯಿ ತೆರೆದ ಹಾಗಿತ್ತು. ಕೇಳಲಿಲ್ಲ. ಬಾಯಿಗೆ ಹೊಲಿಗೆ ಹಾಕಿಕೊಳ್ಳುವ ಕಾಯಿಲೆ ಅವಳಿಗೂ ನನ್ನಿಂದಲೇ ಬಂದಿರಬೇಕು.

ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ಮೋಡ ಇತ್ತು, ನನ್ನ ಕಪ್ಪು ಛತ್ರಿ ಹಿಡಿದುಕೊಂಡಿದ್ದೆ. ಲೈಬ್ರರಿಯ ಬಾಗಿಲಲ್ಲಿ ವಯಸ್ಸಾದ ಒಬ್ಬರು ಕೂತಿರುತ್ತಾರೆ. ಗುಬ್ಬಿ ಅವರನ್ನು ನಮ್ಮಿಬ್ಬರ ನಡುವೆ 'ಛತ್ರಿ ಮಾಮ' ಅನ್ನುತ್ತಾಳೆ. ನೀವಂದುಕೊಂಡ ಛತ್ರಿಯಲ್ಲ. ಬಂದವರ ಛತ್ರಿ, ಚೀಲ ಇಸಿದುಕೊಂಡು ಜೋಪಾನ ಮಾಡುವ ಸಾಧು ಮನುಷ್ಯ. ಕಿವಿ ಸ್ವಲ್ಪ ಮಂದ. ನನ್ನ ಕೈಯಿಂದ ಛತ್ರಿ ತೆಗೆದುಕೊಳ್ಳುತ್ತಾ ಗುಬ್ಬಿಗೆ, "ಓಹೋ, ನಿನ್ನ ತಾಯಿಯವರೋ?" ಅಂದರು.

"ತಾಯಿ ಅಲ್ಲ," ಎಂದು ನಾನೇ ಹೇಳಿ, ಆ ಫ್ರೀ ಸೈಜ್ ಪದವನ್ನು ಸೇರಿಸಿದೆ. ಯಾರು ಕೇಳಿದರೂ ನನ್ನ ಬಾಯಿಂದ ಬರುವುದು ಅದೇ. ಶಾಲೆಯ ಗೇಟಿನಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಹೇಳಿ ಹೇಳಿ ಬಾಯಿಪಾಠವಾಗಿಬಿಟ್ಟಿದೆ. ಅವರು ಕೇಳಿಸದವರ ಹಾಗೆ ತಲೆಯಾಡಿಸಿದರು. ಗುಬ್ಬಿ ಮುಂದೆ ಮುಂದೆ ನಡೆದುಬಿಟ್ಟಳು.

ದೊಡ್ಡ ಕೋಣೆಗೆ ಬಣ್ಣ ಹೊಡೆಯುತ್ತಿದ್ದುದರಿಂದ ಮಕ್ಕಳ ವಿಭಾಗದಲ್ಲಿ ಕುರ್ಚಿ ಹಾಕಿದ್ದರು. ಕುರ್ಚಿಗಳೂ ಮಕ್ಕಳವೇ, ಕೆಂಪು, ಹಳದಿ. ಬಂದವರೆಲ್ಲ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕೂತಿದ್ದರು, ನನಗೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಹತ್ತು ಹನ್ನೆರಡು ಜನ ಇದ್ದಿರಬಹುದು. ಮಾತಾಡಿದವರು ಮುಖ್ಯವಾಗಿ ಇಬ್ಬರು. ಒಬ್ಬರು ಹಲ್ಲಿನ ಡಾಕ್ಟರಮ್ಮ, ಇನ್ನೊಬ್ಬರು ರಿಟೈರಾದ ಮೇಷ್ಟ್ರು. ಇಬ್ಬರೂ ಇಲ್ಲಿಯವರೇ.

ಡಾಕ್ಟರಮ್ಮ ಶುರು ಮಾಡಿದರು. "ಆ ಅಜ್ಜಿಯನ್ನು ಕಂಡರೆ ನನಗೆ ಸಿಟ್ಟು ಬಂತು. ಬಂದಿದ್ದೀರಿ, ಕಲಿಯಿರಿ. ಅವರ ಹಟಕ್ಕೆ ಕಷ್ಟಪಟ್ಟದ್ದು ಆ ಹುಡುಗಿ."

"ಎಲ್ಲವನ್ನೂ ಬಿಟ್ಟರೆ ಆಮೇಲೆ ಉಳಿಯುವುದೇನು?" ಅಂದರು ಮೇಷ್ಟ್ರು.

"ಮಕ್ಕಳು ಉಳಿಯುತ್ತಾರಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕುರ್ಚಿಯಲ್ಲೇ ಸರಿದು ಕೂತೆ. ನನ್ನ ಹತ್ತಿರ ಒಂದು ಮಾತು ತಯಾರಿತ್ತು. ಅಂಗಡಿಯಲ್ಲಿ ಕೂತು ಯೋಚಿಸಿಟ್ಟದ್ದು. ಪ್ಯಾಂಟು ಗಿಡ್ಡ ಮಾಡುವಾಗ ಉಳಿದ ಬಟ್ಟೆಯನ್ನು ಕತ್ತರಿಸಬಾರದು, ಒಳಗೆ ಮಡಿಚಿ ಹೊಲಿಯಬೇಕು, ನಾಳೆ ಬೇಕೆಂದರೆ ಬಿಚ್ಚಿಕೊಳ್ಳಬಹುದು, ಊರು ಬಿಟ್ಟು ಬಂದವರೂ ಹಾಗೇ ಇರಬೇಕು ಅಂತ. ಕೇಳಿದರೆ ಎಲ್ಲರೂ ಚಪ್ಪಾಳೆ ಹೊಡೆಯಬೇಕು, ಅಂಥ ಮಾತು. ಎದ್ದು ನಿಂತೆ. ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ, ಅದಕ್ಕೇ ಕೆಮ್ಮಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲಿನ ಮಾತೆಲ್ಲ ಮರೆತುಹೋಯಿತು. ಸಿಕ್ಕಿದ ಪದಗಳನ್ನು ಹಿಡಿದು ಹೇಳಿಬಿಟ್ಟೆ.

"ಪ್ಯಾಂಟು ಕತ್ತರಿಸಬೇಡಿ. ಬಿಚ್ಚಿ."

ನಮ್ಮಲ್ಲಿ ಹೊಲಿಗೆಯನ್ನೂ ಬಿಚ್ಚುತ್ತೇವೆ, ಬಟ್ಟೆಯನ್ನೂ ಬಿಚ್ಚುತ್ತೇವೆ, ಪದ ಒಂದೇ. ಇಲ್ಲಿನವರಿಗೆ ಅವೆರಡೂ ಬೇರೆ ಬೇರೆ, ನನ್ನ ಬಾಯಿಗೆ ಬಂದದ್ದು ಮೈಮೇಲಿಂದ ಬಿಚ್ಚುವುದು. ಮೇಷ್ಟ್ರು ಪಾಪ ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತರು. ಗುಬ್ಬಿ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಕುಣಿಯುತ್ತಿದ್ದುದು ನಗುವಿಗೋ ನಾಚಿಕೆಗೋ ತಿಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೆ ಎಂದುಕೊಂಡು ಕೂತುಬಿಟ್ಟೆ.

ಆ ಮುಜುಗರ ತಪ್ಪಿಸಲು ಮೇಷ್ಟ್ರೇ ಗುಬ್ಬಿಯನ್ನು ಕೇಳಿದರು. "ಇವರು ನಿಮ್ಮ ಜೊತೆ ಬಂದವರಲ್ಲವೆ? ಇವರು ನಿಮಗೆ ಏನಾಗಬೇಕು?"

ಬಂತು. ನಾನು ಯಾವ ಪ್ರಶ್ನೆಗೆಂದು ಬಂದಿದ್ದೆನೋ ಅದೇ ಬಂತು. ನನಗೆ ತಲೆ ಎತ್ತಲು ಧೈರ್ಯವಾಗಲಿಲ್ಲ. ಗುಬ್ಬಿಯ ಚಪ್ಪಲಿಗಳನ್ನೇ ನೋಡುತ್ತಾ ಕೂತೆ. ಅವಳು ಇಲ್ಲಿನ ಮಾತಿನಲ್ಲಿ, ಒಂದೊಂದೇ ಪದವನ್ನು ಜೋಡಿಸಿದ ಹಾಗೆ, "ಇವರು ನನ್ನ ದೊಡ್ಡ ತಾಯಿ," ಅಂದಳು.

ಎಲ್ಲರೂ ನನ್ನನ್ನು ನೋಡಿದರು. ಕೆಂಪು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತ ನನ್ನನ್ನು ನೋಡಿ, ಇನ್ನೆಲ್ಲಾದರೂ ದೊಡ್ಡವಳು ಒಬ್ಬಳಿದ್ದಾಳೇನೋ ಎಂದು ನನ್ನ ಹಿಂದೆಯೂ ನೋಡಿದರು. ಮೊದಲು ಡಾಕ್ಟರಮ್ಮ ನಕ್ಕರು, ಆಮೇಲೆ ಎಲ್ಲರೂ. ಕೆಟ್ಟ ನಗುವಲ್ಲ. ಆದರೂ ನನ್ನ ಮೂಗಿನ ತುದಿ ಬಿಸಿಯಾಯಿತು.

ಗುಬ್ಬಿ ನಗಲಿಲ್ಲ. "ನಮ್ಮ ಮಾತಲ್ಲಿ ಅಮ್ಮನ ಅಕ್ಕನಿಗೆ ಹಾಗೆ ಅಂತೀವಿ," ಅಂದಳು. "ಆದ್ರೆ ನಾನು ಅದನ್ನ ಇಲ್ಲಿನ ಮಾತಲ್ಲಿ ಇವತ್ತೇ ಮೊದಲು ಹೇಳ್ತಿರೋದು. ಚಿಕ್ಕೋಳಿದ್ದಾಗ ಇವರು ದಿನಾ ಶಾಲೆ ಗೇಟಿಗೆ ಬರೋರು. ಟೀಚರು 'ನಿನ್ನ ತಾಯಿ ಬಂದ್ರು' ಅನ್ನೋರು. ಇವರು ತಕ್ಷಣ 'ತಾಯಿ ಅಲ್ಲ' ಅನ್ನೋರು. ದಿನಾ ಅದೇ. ಆಟಕ್ಕೆ ಹೋದ್ರೂ ಅದೇ, ಡಾಕ್ಟರ ಹತ್ರ ಹೋದ್ರೂ ಅದೇ. ನನ್ನ ತಾಯಿ ಅನ್ನಿಸ್ಕೊಳ್ಳೋದು ಇವರಿಗೆ ಇಷ್ಟ ಇಲ್ಲ ಅಂದ್ಕೊಂಡೆ. ಅಂದ್ರೆ ಒಂದು ದಿನ ಹೊರಟುಹೋಗ್ತಾರೆ ಅಂತ. ಇವರದೊಂದು ಸೂಟ್‌ಕೇಸಿದೆ. ಬೆಳಿಗ್ಗೆ ಎದ್ದ ತಕ್ಷಣ ಮಂಚದ ಕೆಳಗೆ ಬಗ್ಗಿ ಅದು ಇದೆಯಾ ಅಂತ ನೋಡ್ತಿದ್ದೆ."

ಆ ಮಗು ಮಂಚದ ಕೆಳಗೆ ಬಗ್ಗುತ್ತಿದ್ದದ್ದು ನನಗೆ ನೆನಪಿದೆ. ಚಪ್ಪಲಿ ಹುಡುಕುತ್ತಿದ್ದಾಳೆ ಅಂದುಕೊಂಡು, ಸರಿಯಾಗಿ ಜೋಡಿಸಿಡಬಾರದೇನೇ ಎಂದು ಗದರುತ್ತಿದ್ದೆ.

"ಅದಕ್ಕೇ ಇವರು ನನಗೇನು ಅಂತ ಇಲ್ಲಿ ಯಾರಾದ್ರೂ ಕೇಳಿದ್ರೆ ಬಾಯಿ ಕಟ್ಟುತ್ತೆ. ತಾಯಿ ಅಂದ್ರೆ ಇವರು ಒಪ್ಪಲ್ಲ. ಇಲ್ಲಿನ ಪದ ಮೂಲೆ ಅಂಗಡಿಯವರಿಗೂ ಆಗುತ್ತೆ. ಕೊನೆಗೆ 'ನನ್ನ ಜೊತೆ ಇರೋರು' ಅಂತೀನಿ. ಅದೊಂದಾದ್ರೂ ನಿಜ. ಜೊತೆ ಇದ್ದಾರೆ, ಹೋಗಲಿಲ್ಲ."

ಸಂಕಟವಾದರೆ ನಾನು ಅಳುವವಳಲ್ಲ, ಜಗಳಕ್ಕೆ ನಿಲ್ಲುವವಳು. ಕೆಮ್ಮದೆಯೇ ಎದ್ದು ನಿಂತೆ. ಲೈಬ್ರರಿ, ಜನ, ಅವಳ ಕೆಲಸ, ಎಲ್ಲ ಮರೆತು ನಮ್ಮ ಮಾತಿನಲ್ಲೇ ಕೂಗಿದೆ.

"ಏ ಗುಬ್ಬಿ, ಹೇಳೋದಾದ್ರೆ ಪೂರ್ತಿ ಹೇಳೇ! ಬರೀ 'ಅಮ್ಮ ಅಲ್ಲ' ಅಂತ ಯಾವತ್ತು ಹೇಳಿದೀನಿ? 'ಅಮ್ಮ ಅಲ್ಲ, ದೊಡ್ಡಮ್ಮ' ಅಂತ ತಾನೇ ಹೇಳ್ತಿದ್ದೆ?"

"ದೊಡ್ಡಮ್ಮ ಅಂತ ಮನಸಲ್ಲಿ ಹೇಳ್ಕೊಂತಿದ್ದೆ ನೀನು. ಬಾಯಲ್ಲಿ ಬರ್ತಿದ್ದದ್ದು ಆ ಫ್ರೀ ಸೈಜ್ ಪದ. ಅದರಲ್ಲಿ ಅಮ್ಮ ಎಲ್ಲಿದ್ದಾಳೆ, ತೋರಿಸು ನೋಡೋಣ!"

ನಾನು ಹುಡುಕಿದೆ. ನಿಜವಾಗಿಯೂ, ನಿಂತಲ್ಲೇ ಆ ಪದವನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಇರಲಿಲ್ಲ. ನಮ್ಮ ಮಾತಿನಲ್ಲಿ ಅಮ್ಮ ಅಲ್ಲ, ದೊಡ್ಡಮ್ಮ ಅಂದರೆ ಅಮ್ಮ ಎಲ್ಲಿಗೂ ಹೋಗುವುದಿಲ್ಲ, ಒಂದು ಬಾಗಿಲಿಂದ ಹೊರಗೆ ಹೋಗಿ ಇನ್ನೊಂದರಿಂದ ಒಳಗೆ ಬರುತ್ತಾಳೆ. ಅದನ್ನೇ ಇಲ್ಲಿನ ಮಾತಿನಲ್ಲಿ ಹೇಳಿದಾಗ ಹೋದವಳು ಹೋದಳು, ತಿರುಗಿ ಬರಲೇ ಇಲ್ಲ. ಮಗು ಶಾಲೆಗೆ ಹೋಗಿ ಆ ಮಾತನ್ನು ನನಗಿಂತ ಚೆನ್ನಾಗಿ ಕಲಿತಿತ್ತು. ನಾನು ಅಂದುಕೊಂಡದ್ದಲ್ಲ, ಅಂದದ್ದು ಅದಕ್ಕೆ ಕೇಳಿಸಿತ್ತು.

"ಅಮ್ಮ ಅನ್ನೋದು ನನ್ನ ತಂಗಿದು ಕಣೇ," ಅಂದೆ. "ನಿನ್ನನ್ನ ಎತ್ತಿ ಆಡಿಸೋದು ನನ್ನ ಪಾಲಿಗೆ ಬಂತು. ನಿನ್ನ ಮೊದಲನೇ ಬಹುಮಾನ ನಾನು ನೋಡ್ದೆ. ನೀನು ಹೀಗೆ ಎತ್ತರ ಆಗಿದ್ದನ್ನ ನಾನು ನೋಡ್ದೆ. ಅವಳಿಗೆ ಉಳಿದಿದ್ದು ಅದೊಂದು ಪದ. ಅದನ್ನೂ ನಾನೇ ಇಟ್ಕೊಂಡ್ರೆ ಅವಳಿಗೆ ಏನು ಉಳೀತು ಹೇಳು?"

ಗುಬ್ಬಿಯ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ. ಮೇಷ್ಟ್ರು ಮೆಲ್ಲಗೆ, "ನಮಗೂ ಹೇಳುತ್ತೀರಾ?" ಅಂದರು. ಅವಳು ಮೂಗೊರೆಸಿಕೊಂಡು ನನ್ನ ಮಾತನ್ನೆಲ್ಲ ಅವರ ಮಾತಿಗೆ ತಿರುಗಿಸಿ ಹೇಳಿದಳು. ನನ್ನ ತಂಗಿಯ ವಿಷಯ ಬಂದಾಗ ಒಂದು ಸಲ ನಿಂತು, ನೀರು ಕುಡಿದು, ಮತ್ತೆ ಹೇಳಿದಳು. ಹಾಗೇ ಆ ಪ್ಯಾಂಟಿನ ಮಾತನ್ನೂ ಸರಿಮಾಡಿ ಹೇಳಿಬಿಟ್ಟಳು, ಅದು ಹೇಗೆ ಅವಳಿಗೆ ಅರ್ಥವಾಗಿತ್ತೋ. ಮೇಷ್ಟ್ರು ಕಾಲು ಇಳಿಸಿ ಆರಾಮಾಗಿ ಕೂತರು.

ಡಾಕ್ಟರಮ್ಮ ನನ್ನ ಕಡೆ ಬಗ್ಗಿ, ನನಗೆ ತಿಳಿಯಲೆಂದು ನಿಧಾನವಾಗಿ ಕೇಳಿದರು. "ದೊಡ್ಡ ತಾಯಿ ಅಂದರೆ ತಾಯಿಗಿಂತ ದೊಡ್ಡವರು ಅಂತಲೇ?"

"ದೊಡ್ಡ ಅಲ್ಲ," ಅಂದೆ, ಇಲ್ಲಿನ ಮಾತಿನಲ್ಲೇ. "ನಾನು ಮೊದಲು ಹುಟ್ಟಿದೆ. ಅಷ್ಟೇ."

"ಆಮೇಲೂ ಉಳಿದರು," ಅಂದಳು ಗುಬ್ಬಿ.

ಆಮೇಲೆ ಪುಸ್ತಕದ ಮಾತು ಮುಂದುವರಿಯಿತು. ಕತೆಯಲ್ಲಿ ಮೂತಿ ತಿರುಗಿಸಿದವಳು ಅತ್ತೆಯೋ ಚಿಕ್ಕಮ್ಮನೋ ಎಂದು ಡಾಕ್ಟರಮ್ಮನೂ ಮೇಷ್ಟ್ರೂ ಪುಟ ತಿರುವಿ ಹುಡುಕುತ್ತಾ ವಾದಕ್ಕೆ ಬಿದ್ದರು. ಅಷ್ಟರಮಟ್ಟಿಗೆ ನಂಟು ಕೆದಕುವ ನಮ್ಮ ಕಾಯಿಲೆ ಅವರಿಗೂ ಅಂಟಿತು. ನಾನು ಕುರ್ಚಿ ಎಳೆದುಕೊಂಡು ಗುಬ್ಬಿಯ ಪಕ್ಕಕ್ಕೆ ಹೋಗಿ ಕೂತೆ.

ಹೊರಡುವಾಗ ಹೊರಗೆ ಹನಿಯುತ್ತಿತ್ತು. ಛತ್ರಿ ಮಾಮ ಬಾಗಿಲಲ್ಲೇ ನನ್ನ ಛತ್ರಿ ಹಿಡಿದು ನಿಂತಿದ್ದರು. "ತಗೋಮ್ಮಾ, ನಿನ್ನ ತಾಯಿಯದು," ಎಂದು ಗುಬ್ಬಿಯ ಕಡೆ ಚಾಚಿದರು. ಬರುವಾಗ ನಾನು ಹೇಳಿದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಬಾಯಿಪಾಠ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದೆ. ಮನಸ್ಸಿನಲ್ಲೇ ತಂಗಿಗೆ, ಇವತ್ತೊಂದು ದಿನ ಕೊಡೇ, ಆಮೇಲೆ ವಾಪಸ್ ಕೊಡ್ತೀನಿ, ಅಂದೆ. ಅವಳು ಯಾವತ್ತೂ ಇಲ್ಲ ಅಂದವಳಲ್ಲ. ಛತ್ರಿ ಮಾಮನ ಹತ್ತಿರ ಹೋಗಿ, ಕಿವಿ ಮಂದವಾದವರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಹೌದು. ತಾಯಿ."

"ಅಲ್ಲ," ಅಂದಳು ಗುಬ್ಬಿ.

ಅವಳು ನನ್ನ ಹೆಗಲ ಮೇಲೆ ಕೈ ಹಾಕಿದಳು. "ತಾಯಿ ಅಲ್ಲ," ಎಂದು ಇಲ್ಲಿನ ಮಾತಿನಲ್ಲಿ ಹೇಳಿ, ಮುಂದಿನ ಪದವನ್ನು ತಿರುಗಿಸದೆ ಹಾಗೇ ಇಟ್ಟಳು. "ದೊಡ್ಡಮ್ಮ."

"ಏನಂದೆ?"

"ದೊಡ್ಡಮ್ಮ."

ಪಾಪ, ಅವರಿಗೆ ನಾಲಿಗೆ ಹೊರಳಲಿಲ್ಲ. "ದೋಡಮ," ಅಂದರು. ಗುಬ್ಬಿ ಬಿಡಲಿಲ್ಲ. ಅವರ ಕಿವಿಯ ಹತ್ತಿರ ಬಗ್ಗಿ, ಡಕಾರವನ್ನು ಒತ್ತಿ, ಮಕಾರವನ್ನು ಒತ್ತಿ, ಮಗುವಿಗೆ ಕಲಿಸುವ ಹಾಗೆ ಮತ್ತೆ ಮತ್ತೆ ಹೇಳಿಸಿದಳು. ಹಿಂದೆ ಬಂದ ಮೇಷ್ಟ್ರೂ ಡಾಕ್ಟರಮ್ಮನೂ ಬಾಗಿಲಿಗೆ ಅಡ್ಡ ನಿಂತು ಹೇಳಿ ನೋಡತೊಡಗಿದರು. ಅಂತೂ ಒಂದು ಸಲ ಆ ಮುದುಕರ ಬಾಯಲ್ಲಿ ಸರಿಯಾಗಿ ಬಂತು. ಅವರೇ ಖುಷಿಯಾಗಿ, ಛತ್ರಿಯನ್ನು ಗುಬ್ಬಿಗೆ ಕೊಡದೆ ಎರಡೂ ಕೈಯಲ್ಲಿ ನನಗೇ ಕೊಟ್ಟರು.

ಛತ್ರಿಯನ್ನು ಯಾವಾಗಲೂ ಹಿಡಿಯುವವಳು ಗುಬ್ಬಿ, ಎತ್ತರ ಇದ್ದಾಳಲ್ಲ. ಅವತ್ತು ಕೇಳಿದರೂ ನಾನು ಕೊಡಲಿಲ್ಲ. "ತಲೆಗೆ ಕಡ್ಡಿ ಚುಚ್ತಿದೆ ದೊಡ್ಡಮ್ಮ," ಎಂದು ಗೊಣಗುತ್ತಾ ಮನೆಯವರೆಗೂ ಬಗ್ಗಿಕೊಂಡೇ ನಡೆದಳು.